ನೆರಳಿನ ಸಾಕ್ಷ್ಯ, ನಿಜವಾದ ನೇಣು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಪಟ್ಟಣದಲ್ಲಿ ಪೀಬಡಿ ಎಸೆಕ್ಸ್ ಎಂಬ ವಸ್ತುಸಂಗ್ರಹಾಲಯವಿದೆ. ಅಲ್ಲಿರುವ ಒಂದು ತೈಲವರ್ಣ ಚಿತ್ರ ನ್ಯಾಯಾಲಯದ ದೃಶ್ಯವೊಂದನ್ನು ತೋರಿಸುತ್ತದೆ. ಎತ್ತರದ ಪೀಠದಲ್ಲಿ ನ್ಯಾಯಾಧೀಶರು. ಕೆಳಗೆ ಗಿಜಿಗುಡುವ ಜನ. ನೆಲದ ಮೇಲೆ ಬಿದ್ದು ಹೊರಳುವ ಎಳೆಯರು. ಬೊಟ್ಟು ಮಾಡುವ ಕೈಗಳು. ಇವೆಲ್ಲದರ ಎದುರು ಮೊಣಕಾಲೂರಿ, ತೋಳು ಚಾಚಿ, ತನ್ನ ಮಾತನ್ನು ಯಾರಾದರೂ ಕೇಳಲಿ ಎಂಬಂತೆ ಅಂಗಲಾಚುವ ನರೆತ ಕೂದಲಿನ ಮುದುಕ. 1855ರಲ್ಲಿ ಈ ಚಿತ್ರವನ್ನು ಬರೆದವನು ಟಾಂಪ್ಕಿನ್ಸ್ ಹ್ಯಾರಿಸನ್ ಮ್ಯಾಟೆಸನ್. ಮುದುಕನ ಹೆಸರು ಜಾರ್ಜ್ ಜೇಕಬ್ಸ್. ಆತನ ಮೇಲಿದ್ದ ಆರೋಪ ಮಾಟ. ವಿಚಾರಣೆಯ ಕಾಲ 1692ರ ಆಗಸ್ಟ್ 5. ಎರಡು ವಾರಗಳ ನಂತರ, ಆಗಸ್ಟ್ 19ರಂದು, ಆತನನ್ನು ನೇಣಿಗೆ ಹಾಕಲಾಯಿತು.

ಸೇಲಂನ ಮಾಟಗಾತಿ ವಿಚಾರಣೆಗಳ ಬಗ್ಗೆ ಬರೆಯುವವರಿಗೆ ಈ ಚಿತ್ರ ಅಚ್ಚುಮೆಚ್ಚು. ಪುಸ್ತಕಗಳ ಮುಖಪುಟದಲ್ಲಿ, ಪಠ್ಯಗಳ ನಡುವೆ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದರ ಜೊತೆಗೆ ಬರುವ ವಿವರಣೆಯೂ ಬಹುತೇಕ ಒಂದೇ. ಹಿಂದೊಂದು ಕಾಲದಲ್ಲಿ ಜನ ಮೂಢರಾಗಿದ್ದರು, ಕೆಲವು ಹುಡುಗಿಯರಿಗೆ ಸನ್ನಿ ಹಿಡಿಯಿತು, ಊರಿಗೆ ಊರೇ ಹುಚ್ಚಾಯಿತು, ಅಮಾಯಕರು ಸತ್ತರು, ಬಳಿಕ ವಿವೇಕ ಮರಳಿತು. ಈ ವಿವರಣೆಯನ್ನು ಓದಿದವನಿಗೆ ಒಂದು ನೆಮ್ಮದಿ ಸಿಗುತ್ತದೆ. ಅದು ಅವರ ಕಾಲ, ಇದು ನಮ್ಮ ಕಾಲ ಎಂಬ ನೆಮ್ಮದಿ. ನನ್ನ ತಕರಾರು ಇರುವುದು ಈ ನೆಮ್ಮದಿಯ ಮೇಲೆ. ಸೇಲಂನಲ್ಲಿ ಜನರನ್ನು ಕೊಂದದ್ದು ಹುಡುಗಿಯರ ಸನ್ನಿಯಲ್ಲ, ಬರೀ ಮೂಢನಂಬಿಕೆಯೂ ಅಲ್ಲ. ಕೊಂದದ್ದು ನ್ಯಾಯಾಲಯ. ಸಾಕ್ಷ್ಯ ಎಂದರೇನು ಎಂಬ ಪ್ರಶ್ನೆಗೆ ಆ ನ್ಯಾಯಾಲಯ ಕೊಟ್ಟ ಉತ್ತರ.

ಚಿತ್ರವನ್ನು ಮತ್ತೊಮ್ಮೆ ನೋಡಿ. ಕಣ್ಣು ಮೊದಲು ಎಲ್ಲಿ ನಿಲ್ಲುತ್ತದೆ? ಅಂಗಲಾಚುವ ಮುದುಕನ ಮೇಲೆ. ಅಲ್ಲಿಂದ ನೆಲದಲ್ಲಿ ಹೊರಳುವವರ ಮೇಲೆ, ಬೊಟ್ಟು ಮಾಡುವವರ ಮೇಲೆ. ಗಲಭೆ, ಆವೇಶ, ಭಯ ಎಲ್ಲವೂ ಕೆಳಗೆ ಇವೆ. ಪೀಠ ಮಾತ್ರ ಆ ಗಲಭೆಯ ಮೇಲೆ, ತನ್ನ ಎತ್ತರದಲ್ಲಿ ಇದೆ. ನ್ಯಾಯಾಧೀಶರೂ ಈ ಉನ್ಮಾದದ ನಡುವೆ ಸಿಕ್ಕಿಬಿದ್ದವರೇನೋ ಎಂಬ ಭಾವನೆ ನೋಡುಗನಲ್ಲಿ ಹುಟ್ಟುತ್ತದೆ. ಇತಿಹಾಸದ ದಾಖಲೆಗಳು ಹೇಳುವುದು ಇದಕ್ಕೆ ವಿರುದ್ಧವಾದದ್ದನ್ನು. ಉನ್ಮಾದ ಕೆಳಗಿನಿಂದ ಮೇಲಕ್ಕೆ ಏರಿದ್ದಲ್ಲ. ಮೇಲಿನವರು ಅದಕ್ಕೆ ಮೊಹರು ಒತ್ತಿ, ನಂಬರು ಹಾಕಿ, ದಾಖಲೆ ಮಾಡಿ ಕೆಳಕ್ಕೆ ಕಳಿಸಿದರು.

ಆರೋಪ ಮಾಡಿದವರು ಯಾರು?

1692ರ ಆರಂಭದಲ್ಲಿ ಸೇಲಂ ಗ್ರಾಮದ ಪಾದ್ರಿ ಸ್ಯಾಮ್ಯುವೆಲ್ ಪ್ಯಾರಿಸ್‌ನ ಮನೆಯಲ್ಲಿ ಇಬ್ಬರು ಹುಡುಗಿಯರಿಗೆ ಏನೋ ಆಯಿತು. ಅವರು ಚೀರಿದರು, ಸೆಟೆದುಕೊಂಡರು. ಒಬ್ಬಳು ಪಾದ್ರಿಯ 9 ವರ್ಷದ ಮಗಳು, ಇನ್ನೊಬ್ಬಳು 11ರ ಆಸುಪಾಸಿನ ಬಂಧು ಅಬಿಗೇಲ್ ವಿಲಿಯಮ್ಸ್. ಬಳಿಕ 12 ವರ್ಷದ ಆ್ಯನ್ ಪುಟ್ನಂ ಮತ್ತಿತರರು ಸೇರಿಕೊಂಡರು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಈ ಮಕ್ಕಳು ಠಾಣೆ ಹತ್ತಿ ದೂರು ಕೊಡುವಂತಿರಲಿಲ್ಲ. ಅಂದಿನ ಕಾನೂನಿನಲ್ಲಿ ದೂರಿಗೆ ಸಹಿ ಹಾಕುತ್ತಿದ್ದವರು ವಯಸ್ಕ ಗಂಡಸರು. ಆ್ಯನ್‌ಳ ತಂದೆ ಥಾಮಸ್ ಪುಟ್ನಂ ಹಲವಾರು ದೂರುಗಳಿಗೆ ಸಹಿ ಹಾಕಿದ್ದಾನೆ, ಹಲವು ಹೇಳಿಕೆಗಳನ್ನು ತನ್ನ ಕೈಯಿಂದಲೇ ಬರೆದಿದ್ದಾನೆ. ಹುಡುಗಿ ಚೀರಿದಳು ನಿಜ. ಆ ಚೀರಾಟವನ್ನು ಕಾಗದಕ್ಕೆ ಇಳಿಸಿದವರು, ಕಾಗದವನ್ನು ವಾರಂಟ್ ಮಾಡಿದವರು, ವಾರಂಟನ್ನು ಹಗ್ಗ ಮಾಡಿದವರು ಊರಿನ ಗೌರವಾನ್ವಿತ ಪುರುಷರು. ಚಿತ್ರದಲ್ಲಿ ಮಾತ್ರ ಅಪರಾಧ ನೆಲದಲ್ಲಿ ಹೊರಳುವ ಮಕ್ಕಳದು.

ಮೊದಲು ಸಿಕ್ಕಿಬಿದ್ದವರು ಯಾರು ಎಂಬುದೂ ಗಮನಾರ್ಹ. ಪಾದ್ರಿಯ ಮನೆಯ ಗುಲಾಮಳಾದ ಟಿಟುಬಾ, ಮನೆಮನೆಗೆ ಹೋಗಿ ಬೇಡಿ ತಿನ್ನುತ್ತಿದ್ದ ಸಾರಾ ಗುಡ್, ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದ ರೋಗಿ ಸಾರಾ ಆಸ್ಬರ್ನ್. ದಾಖಲೆಗಳಲ್ಲಿ ಟಿಟುಬಾಳನ್ನು ಇಂಡಿಯನ್ ಎಂದು ಕರೆಯಲಾಗಿದೆ. ಒಬ್ಬಳು ಪರಕೀಯಳು, ಒಬ್ಬಳು ಭಿಕ್ಷುಕಿ, ಒಬ್ಬಳು ಊರಿನ ಬಾಯಿಗೆ ಬಿದ್ದವಳು. ಯಾವ ಸಮಾಜದಲ್ಲೇ ಆಗಲಿ, ಆರೋಪದ ಬಲೆ ಬೀಸಿದಾಗ ಮೊದಲು ಸಿಗುವುದು ಇಂಥ ಮೀನುಗಳೇ. ಇವರ ಪರವಾಗಿ ಮಾತಾಡುವವರು ಯಾರೂ ಇರುವುದಿಲ್ಲ ಎಂಬುದು ಬಲೆ ಬೀಸುವವರಿಗೆ ಗೊತ್ತಿರುತ್ತದೆ. ಮೊದಲ ಮೂವರ ವಿಷಯದಲ್ಲಿ ಊರು ಸುಮ್ಮನಿತ್ತು. ಆ ಮೌನವೇ ಮುಂದಿನವರ ಮನೆಬಾಗಿಲು ತೆರೆಯಿತು. ಕೆಲವೇ ತಿಂಗಳುಗಳಲ್ಲಿ ಬಲೆಯಲ್ಲಿ ಜಮೀನುದಾರರಿದ್ದರು, ಚರ್ಚಿನ ನಿಷ್ಠಾವಂತ ಸದಸ್ಯರಿದ್ದರು, ಜಾರ್ಜ್ ಬರೋಸ್ ಎಂಬ ಪಾದ್ರಿಯೂ ಇದ್ದ.

ನೆರಳು ಸಾಕ್ಷಿಯಾದ ಬಗೆ

ಜೇಕಬ್ಸ್‌ಗೆ ಸುಮಾರು 80 ವರ್ಷ. ಎರಡು ಕೋಲೂರಿ ನಡೆಯುತ್ತಿದ್ದ ರೈತ. ಆತನ ವಿರುದ್ಧ ಇದ್ದ ಸಾಕ್ಷ್ಯ ಎಂಥದ್ದು? ಆತ ಯಾರ ಮನೆಗೂ ಹೋಗಿರಲಿಲ್ಲ, ಯಾರಿಗೂ ಹೊಡೆದಿರಲಿಲ್ಲ. ಆದರೆ ಆತನ ‘ಆಕೃತಿ’ ಬಂದು ತಮ್ಮನ್ನು ಕೋಲಿನಿಂದ ಹೊಡೆಯಿತು, ಸೈತಾನನ ಪುಸ್ತಕಕ್ಕೆ ಸಹಿ ಹಾಕು ಎಂದು ಪೀಡಿಸಿತು ಎಂದು ಆರೋಪಿಸಿದವರು ಹೇಳಿದರು. ಆ ಆಕೃತಿ ಅವರಿಗಲ್ಲದೆ ಬೇರೆ ಯಾರಿಗೂ ಕಾಣಿಸುತ್ತಿರಲಿಲ್ಲ. ಇದನ್ನೇ ಆ ಕಾಲದ ಕಾನೂನು ಪಂಡಿತರು ಒಂದು ಬಗೆಯ ಸಾಕ್ಷ್ಯವೆಂದು ಒಪ್ಪಿಕೊಂಡರು. ನಾವು ಅದನ್ನು ನೆರಳಿನ ಸಾಕ್ಷ್ಯ ಎನ್ನೋಣ.

ಈ ಸಾಕ್ಷ್ಯದ ವೈಶಿಷ್ಟ್ಯವೇನು? ಇದನ್ನು ಸುಳ್ಳೆಂದು ತೋರಿಸಲು ಯಾವ ದಾರಿಯೂ ಇಲ್ಲ. ಆ ಹೊತ್ತಿನಲ್ಲಿ ನಾನು ಹೊಲದಲ್ಲಿದ್ದೆ ಎಂದು ನೂರು ಜನರನ್ನು ಕರೆತಂದು ಹೇಳಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಬಂದದ್ದು ನೀನಲ್ಲ, ನಿನ್ನ ನೆರಳು. ಮೇ ತಿಂಗಳ ಪ್ರಾಥಮಿಕ ವಿಚಾರಣೆಯಲ್ಲಿ ಜೇಕಬ್ಸ್ ಇದಕ್ಕೆ ಒಂದು ಸರಳ ಉತ್ತರ ಕೊಟ್ಟ. ಸೈತಾನ ಯಾರ ರೂಪವನ್ನಾದರೂ ಧರಿಸಬಲ್ಲನಲ್ಲವೇ ಎಂದ. ಅಂದರೆ, ಅವರು ಕಂಡದ್ದು ನಿಜವೇ ಆಗಿದ್ದರೂ ಅದು ನನ್ನ ಅಪರಾಧ ಹೇಗಾಗುತ್ತದೆ? ಅಕ್ಷರ ಬಾರದ ಹಳ್ಳಿಯ ಮುದುಕ ಕೇಳಿದ ಈ ಪ್ರಶ್ನೆ ಇಡೀ ಪ್ರಕರಣದ ಬುಡಕ್ಕೆ ಕೊಡಲಿ ಹಾಕುವಂಥದ್ದು. ವಿಚಾರಣೆ ನಡೆಸುತ್ತಿದ್ದವರು ಅದಕ್ಕೊಂದು ಉತ್ತರ ಸಿದ್ಧವಿಟ್ಟುಕೊಂಡಿದ್ದರು. ಆ ವ್ಯಕ್ತಿಯ ಸಮ್ಮತಿಯಿಲ್ಲದೆ ಸೈತಾನ ಆತನ ರೂಪ ಧರಿಸಲಾರ ಎಂದರು. ಮುಗಿಯಿತು. ನೆರಳು ಕಂಡಿತೆಂದರೆ ಸಮ್ಮತಿ ಇತ್ತು, ಸಮ್ಮತಿ ಇತ್ತೆಂದರೆ ಅಪರಾಧಿ. ಆರೋಪವೇ ಪುರಾವೆಯಾಯಿತು, ಪುರಾವೆಯೇ ತೀರ್ಪಾಯಿತು.

ಜೇಕಬ್ಸ್ ಅಂದು ನಕ್ಕನೆಂದೂ ದಾಖಲೆ ಹೇಳುತ್ತದೆ. ನನ್ನನ್ನು ಮಾಟಗಾರ ಎನ್ನುವುದಾದರೆ ಹದ್ದು ಎಂದೂ ಕರೆಯಬಹುದಲ್ಲ ಎಂಬ ಅರ್ಥದ ಮಾತನ್ನು ಆತ ಆಡಿದ. ಮ್ಯಾಟೆಸನ್‌ನ ಚಿತ್ರದಲ್ಲಿ ಈ ಜೇಕಬ್ಸ್ ಇಲ್ಲ. ಅಲ್ಲಿರುವುದು ಮಂಡಿಯೂರಿ ಬೇಡುವ ಮುದುಕ. ನೋಡುಗನ ಕನಿಕರವನ್ನು ಗಳಿಸಲು ಕಲಾವಿದ ಮುದುಕನ ಎದೆಗಾರಿಕೆಯನ್ನು ಕಿತ್ತುಕೊಂಡಿದ್ದಾನೆ. ಅನ್ಯಾಯಕ್ಕೆ ಒಳಗಾದವರ ಮೇಲೆ ಕನಿಕರ ತೋರಿಸುವುದು ಸುಲಭ. ಅವರು ಎತ್ತಿದ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಹಾಗಾಗಿ ಪ್ರಶ್ನೆ ಕೇಳುವ ಬಾಯಿಗಿಂತ ಅಂಗಲಾಚುವ ಕೈಗಳೇ ನಮ್ಮ ಗೋಡೆಗಳ ಮೇಲೆ ಹೆಚ್ಚು ಕಾಣಿಸುತ್ತವೆ.

ವಿಚಾರಣೆಗೆಂದೇ ಗವರ್ನರ್ ವಿಲಿಯಂ ಫಿಪ್ಸ್ ಮೇ ಕೊನೆಯಲ್ಲಿ ಒಂದು ವಿಶೇಷ ನ್ಯಾಯಾಲಯ ರಚಿಸಿದ್ದ. ಅದರ ಮುಖ್ಯಸ್ಥ ವಿಲಿಯಂ ಸ್ಟೌಟನ್. ಆರೋಪಿಗಳಿಗೆ ವಕೀಲರಿರಲಿಲ್ಲ. ಜೂನ್ 2ರಂದು ಮೊದಲ ಬಾರಿ ಸೇರಿದ ಈ ನ್ಯಾಯಾಲಯ ಜೂನ್ 10ಕ್ಕೆ ಮೊದಲ ನೇಣು ಹಾಕಿಸಿತು. ನ್ಯಾಯಾಧೀಶರಲ್ಲಿ ಒಬ್ಬನಾದ ನಥಾನಿಯಲ್ ಸಾಲ್ಟನ್‌ಸ್ಟಾಲ್ ಅಸಮಾಧಾನಗೊಂಡು ಪೀಠವನ್ನೇ ಬಿಟ್ಟು ಹೋದ. ಜೂನ್ 15ರಂದು ಬಾಸ್ಟನ್ ಸುತ್ತಲಿನ ಪಾದ್ರಿಗಳು ಒಂದು ಸಲಹೆ ಕೊಟ್ಟರು. ನೆರಳಿನ ಸಾಕ್ಷ್ಯದ ಬಗ್ಗೆ ಎಚ್ಚರವಿರಲಿ ಎಂದರು, ಅದರ ಜೊತೆಗೇ ಅಪರಾಧಿಗಳ ಮೇಲೆ ತ್ವರಿತ ಕ್ರಮವಾಗಲಿ ಎಂದೂ ಸೇರಿಸಿದರು. ನ್ಯಾಯಾಲಯ ಎಚ್ಚರಿಕೆಯನ್ನು ಬಿಟ್ಟು ತ್ವರೆಯನ್ನು ಮಾತ್ರ ಎತ್ತಿಕೊಂಡಿತು. ರೆಬೆಕಾ ನರ್ಸ್ ಎಂಬ ವೃದ್ಧೆಯ ಪ್ರಕರಣದಲ್ಲಿ ಜ್ಯೂರಿ ಆಕೆ ನಿರಪರಾಧಿ ಎಂದಿತು. ಆಗ ಸ್ಟೌಟನ್ ಜ್ಯೂರಿಯನ್ನು ಮರುಪರಿಶೀಲನೆಗೆ ಕಳಿಸಿದ. ಮರಳಿ ಬಂದ ಜ್ಯೂರಿ ಆಕೆಯನ್ನು ಅಪರಾಧಿ ಎಂದಿತು. ಆಕೆಯನ್ನು ನೇಣಿಗೇರಿಸಲಾಯಿತು. ಈಗ ಹೇಳಿ, ಇಲ್ಲಿ ಸನ್ನಿ ಹಿಡಿದದ್ದು ಯಾರಿಗೆ? ನೆಲದಲ್ಲಿ ಬಿದ್ದ ಹುಡುಗಿಗೋ, ಪೀಠದಲ್ಲಿ ಕೂತವನಿಗೋ?

ತಪ್ಪೊಪ್ಪಿಗೆಯ ವ್ಯಾಪಾರ

ಸೇಲಂನ ನಿಜವಾದ ಭೀಕರತೆ ಇನ್ನೂ ಒಂದಿದೆ. ನಾನು ಮಾಟ ಮಾಡಿದೆ ಎಂದು ಒಪ್ಪಿಕೊಂಡವರು ಬದುಕಿದರು. ಮಾಡಿಲ್ಲ ಎಂದವರು ಸತ್ತರು. ಸುಮಾರು ಐವತ್ತು ಮಂದಿ ತಪ್ಪೊಪ್ಪಿಕೊಂಡರು. ಒಪ್ಪಿಕೊಂಡು ಆ ಮಾತಿಗೇ ಅಂಟಿಕೊಂಡವರಲ್ಲಿ ಒಬ್ಬರನ್ನೂ ನೇಣಿಗೆ ಹಾಕಲಿಲ್ಲ. ಸ್ಯಾಮ್ಯುವೆಲ್ ವಾರ್ಡ್‌ವೆಲ್ ಎಂಬವನು ಒಪ್ಪಿಕೊಂಡು ಬಳಿಕ ಅದು ಸುಳ್ಳೆಂದ. ಆತನನ್ನು ನೇಣಿಗೇರಿಸಿದರು. ಸತ್ಯಕ್ಕೆ ಮರಣದಂಡನೆ, ಸುಳ್ಳಿಗೆ ಜೀವದಾನ. ಒಪ್ಪಿಕೊಂಡವರು ಸುಮ್ಮನೆ ಬದುಕುವಂತೆಯೂ ಇರಲಿಲ್ಲ. ಜೊತೆಗಿದ್ದವರ ಹೆಸರು ಹೇಳಬೇಕಿತ್ತು. ಒಂದು ಹೆಸರಿನಿಂದ ಐದು, ಐದರಿಂದ ಇಪ್ಪತ್ತು. ಹೀಗೆ ಆರೋಪಕ್ಕೆ ಒಳಗಾದವರ ಸಂಖ್ಯೆ 150 ದಾಟಿತು.

ಒಪ್ಪಿಗೆಗಳು ಹೇಗೆ ಬಂದವು? ಜೇಕಬ್ಸ್ ಜೊತೆಗೇ ನೇಣಿಗೇರಿದ ಜಾನ್ ಪ್ರಾಕ್ಟರ್ ಜುಲೈ 23ರಂದು ಜೈಲಿನಿಂದ ಬಾಸ್ಟನ್ನಿನ ಪಾದ್ರಿಗಳಿಗೆ ಬರೆದ ಪತ್ರದಲ್ಲಿ ಇದರ ವಿವರವಿದೆ. ಯುವಕರ ಕುತ್ತಿಗೆಯನ್ನೂ ಹಿಮ್ಮಡಿಯನ್ನೂ ಸೇರಿಸಿ ಬಿಗಿದು, ಮೂಗಿನಿಂದ ರಕ್ತ ಬರುವ ತನಕ ಬಿಡಲಿಲ್ಲ ಎಂದು ಆತ ದೂರಿದ್ದಾನೆ. ಅವರಲ್ಲೊಬ್ಬ ಆತನ ಸ್ವಂತ ಮಗ. ಜೇಕಬ್ಸ್‌ನ ಮನೆಯ ಕೆಲಸದಾಳು ಸಾರಾ ಚರ್ಚ್‌ವೆಲ್ ಆತನ ವಿರುದ್ಧ ಹೇಳಿಕೆ ಕೊಟ್ಟವಳು. ಆಕೆ ಆಮೇಲೆ ಅಳುತ್ತಾ ಬಂದು, ತಾನು ಹೇಳಿದ್ದೆಲ್ಲ ಸುಳ್ಳು ಎಂದು ಪರಿಚಯದ ಹೆಂಗಸೊಬ್ಬಳ ಬಳಿ ತೋಡಿಕೊಂಡಳು. ಹಾಗಾದರೆ ನಿಜ ಹೇಳಬಾರದೇಕೆ ಎಂದಾಗ ಆಕೆ ಕೊಟ್ಟ ಉತ್ತರದ ಸಾರ ಇಷ್ಟು: ಸೈತಾನನ ಪುಸ್ತಕಕ್ಕೆ ಸಹಿ ಹಾಕಿದೆ ಎಂದು ಒಮ್ಮೆ ಹೇಳಿದರೆ ಪಾದ್ರಿ ನಂಬುತ್ತಾರೆ, ಹಾಕಿಲ್ಲ ಎಂದು ನೂರು ಸಲ ನಿಜ ಹೇಳಿದರೂ ನಂಬುವುದಿಲ್ಲ. ಒಬ್ಬ ಕೆಲಸದ ಹುಡುಗಿ ಆ ನ್ಯಾಯವ್ಯವಸ್ಥೆಯ ಬಗ್ಗೆ ಕೊಟ್ಟ ಈ ತೀರ್ಪಿಗಿಂತ ಸರಿಯಾದ ತೀರ್ಪನ್ನು ಮೂರು ಶತಮಾನಗಳ ಪಂಡಿತರೂ ಕೊಟ್ಟಿಲ್ಲ.

ಜೇಕಬ್ಸ್‌ನ ಮೊಮ್ಮಗಳು ಮಾರ್ಗರೆಟ್ ಹದಿನೇಳರ ಆಸುಪಾಸಿನ ಹುಡುಗಿ. ಬಂಧನಕ್ಕೆ ಒಳಗಾದ ಆಕೆಗೆ ಎರಡೇ ದಾರಿ ತೋರಿಸಲಾಯಿತು. ಒಪ್ಪಿಕೊಂಡರೆ ಜೀವ, ಇಲ್ಲವಾದರೆ ಕತ್ತಲೆಕೋಣೆ ಮತ್ತು ನೇಣು. ಹೆದರಿದ ಹುಡುಗಿ ಒಪ್ಪಿಕೊಂಡಳು. ತನ್ನ ಅಜ್ಜನ ಹೆಸರನ್ನೂ ಪಾದ್ರಿ ಬರೋಸ್‌ನ ಹೆಸರನ್ನೂ ಹೇಳಿದಳು. ಆದರೆ ಆಕೆಯ ಆತ್ಮಸಾಕ್ಷಿ ಆಕೆಯನ್ನು ಮಲಗಗೊಡಲಿಲ್ಲ. ಹೇಳಿದ್ದೆಲ್ಲ ಸುಳ್ಳು ಎಂದು ನ್ಯಾಯಾಲಯಕ್ಕೆ ಬರೆದುಕೊಟ್ಟಳು. ಹೀಗೆ ಬರೆದುಕೊಟ್ಟರೆ ತನ್ನ ಕೊರಳಿಗೆ ಹಗ್ಗ ಬೀಳುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ನೇಣಿನ ಹಿಂದಿನ ದಿನ ಬರೋಸ್‌ನ ಬಳಿ ಹೋಗಿ ಕ್ಷಮೆ ಬೇಡಿದಳು. ಆತ ಕ್ಷಮಿಸಿದ್ದಲ್ಲದೆ ಆಕೆಗಾಗಿ ಪ್ರಾರ್ಥಿಸಿದ. ಅಜ್ಜ ತನ್ನ ಉಯಿಲಿನಲ್ಲಿ ಆಕೆಗೆ 10 ಪೌಂಡ್ ಬರೆದಿಟ್ಟ. ನ್ಯಾಯಾಲಯವೋ, ಆಕೆಯ ಸುಳ್ಳನ್ನು ಇಟ್ಟುಕೊಂಡು ನಿಜವನ್ನು ಎಸೆಯಿತು. ವಿಚಾರಣೆಯ ದಿನ ಕಾಯಿಲೆ ಬಿದ್ದದ್ದರಿಂದ ಮಾರ್ಗರೆಟ್ ಉಳಿದಳು. 1693ರ ಜನವರಿಯಲ್ಲಿ ಖುಲಾಸೆಯಾಯಿತು. ಆದರೂ ಬಿಡುಗಡೆ ಸಿಗಲಿಲ್ಲ. ಜೈಲಿನಲ್ಲಿ ತಿಂದ ಅನ್ನದ ಖರ್ಚನ್ನೂ ಶುಲ್ಕವನ್ನೂ ಕೈದಿಯೇ ಕಟ್ಟಬೇಕಿತ್ತು. ಮನೆಯ ಸೊತ್ತನ್ನು ಶೆರಿಫ್ ಆಗಲೇ ಜಪ್ತಿ ಮಾಡಿ ಒಯ್ದಿದ್ದ.

ಈ ಹುಡುಗಿಯನ್ನು ನೆನಪಿಟ್ಟುಕೊಂಡು ಮತ್ತೆ ಆ ಚಿತ್ರಕ್ಕೆ ಬನ್ನಿ. ಅಲ್ಲಿ ಹುಡುಗಿಯರು ಆರೋಪಿಸುತ್ತಾರೆ, ಬೀಳುತ್ತಾರೆ, ಹೊರಳುತ್ತಾರೆ. ಇಡೀ ಪ್ರಕರಣದಲ್ಲಿ ಜೀವದ ಹಂಗು ತೊರೆದು ಸತ್ಯಕ್ಕೆ ಮರಳಿದವಳೂ ಒಬ್ಬ ಹುಡುಗಿಯೇ ಎಂಬ ಸಂಗತಿಗೆ ಆ ಕ್ಯಾನ್‌ವಾಸಿನಲ್ಲಿ ಜಾಗವಿಲ್ಲ. ಸುಮಾರು ನೂರು ವರ್ಷಗಳ ನಂತರ, 1953ರಲ್ಲಿ, ಆರ್ಥರ್ ಮಿಲ್ಲರ್ ಇದೇ ವಸ್ತುವಿನ ಮೇಲೆ ‘ದ ಕ್ರೂಸಿಬಲ್’ ನಾಟಕ ಬರೆದ. ಕಮ್ಯುನಿಸ್ಟರೆಂಬ ಶಂಕೆಯ ಮೇಲೆ ಜನರನ್ನು ಬೇಟೆಯಾಡುತ್ತಿದ್ದ ಕಾಲದಲ್ಲಿ ಅದು ದಿಟ್ಟ ಕೃತಿಯೇ. ಆದರೆ ಅವನೂ 11ರ ಅಬಿಗೇಲಳನ್ನು 17ಕ್ಕೆ ಏರಿಸಿ, 60ರ ಪ್ರಾಕ್ಟರನನ್ನು ನಡುವಯಸ್ಸಿಗೆ ಇಳಿಸಿ, ಅವರಿಬ್ಬರ ನಡುವೆ ದೇಹಸಂಬಂಧವನ್ನು ಕಲ್ಪಿಸಿ, ಹುಡುಗಿಯ ಸೇಡಿನಿಂದ ಊರು ಹಾಳಾಯಿತು ಎಂಬಂತೆ ಮಾಡಿದ. ಕುಂಚವಾಗಲಿ, ಲೇಖನಿಯಾಗಲಿ, ಕೊನೆಗೆ ಹೆಣ್ಣಿನ ತಲೆಗೇ ಕಟ್ಟುವುದು ಎಷ್ಟು ಸಲೀಸು!

1855ರ ಕನ್ನಡಿಯಲ್ಲಿ

ಈ ಚಿತ್ರ ತೋರಿಸುವುದು 1692ನ್ನು. ಬರೆದದ್ದು 1855ರಲ್ಲಿ. ಆ ಎರಡನೆಯ ಇಸವಿಯ ಬಗ್ಗೆ ಯಾರೂ ಕೇಳುವುದಿಲ್ಲ. ನಾವು ಕೇಳೋಣ. ಮ್ಯಾಟೆಸನ್ ಇದನ್ನು ಬರೆಯುವ ಒಂದು ವರ್ಷ ಮೊದಲು ಅದೇ ಮ್ಯಾಸಚೂಸೆಟ್ಸ್‌ನಲ್ಲಿ, ಸೇಲಂಗೆ ಕೂಗಳತೆಯ ಬಾಸ್ಟನ್ನಿನಲ್ಲಿ, ಇನ್ನೊಂದು ವಿಚಾರಣೆ ನಡೆದಿತ್ತು. ವರ್ಜೀನಿಯಾದಿಂದ ತಪ್ಪಿಸಿಕೊಂಡು ಬಂದಿದ್ದ ಆಂಥನಿ ಬರ್ನ್ಸ್ ಎಂಬ ಕಪ್ಪು ಯುವಕನನ್ನು 1854ರ ಮೇ 24ರಂದು ಹಿಡಿಯಲಾಯಿತು. 1850ರ ಪಲಾಯನ ಮಾಡಿದ ಗುಲಾಮರ ಕಾಯ್ದೆಯಂತೆ, ಹಿಡಿಯಲ್ಪಟ್ಟವನು ತನ್ನ ಪರವಾಗಿ ತಾನೇ ಸಾಕ್ಷ್ಯ ನುಡಿಯುವಂತಿರಲಿಲ್ಲ. ಜ್ಯೂರಿ ಇರಲಿಲ್ಲ. ತೀರ್ಪು ಕೊಡುವ ಕಮಿಷನರನಿಗೆ ಆತನನ್ನು ಒಡೆಯನಿಗೆ ಒಪ್ಪಿಸಿದರೆ 10 ಡಾಲರ್, ಬಿಡುಗಡೆ ಮಾಡಿದರೆ 5 ಡಾಲರ್ ಸಂಭಾವನೆ. ಕಮಿಷನರ್ ಎಡ್ವರ್ಡ್ ಲೋರಿಂಗ್ ಬರ್ನ್ಸ್‌ನನ್ನು ಒಪ್ಪಿಸಿದ. ಸಾವಿರಾರು ಜನ ಬೀದಿಯಲ್ಲಿ ನಿಂತು ಧಿಕ್ಕರಿಸುತ್ತಿದ್ದಂತೆ ಸೈನಿಕರ ಕಾವಲಿನಲ್ಲಿ ಆತನನ್ನು ಹಡಗಿಗೆ ಸಾಗಿಸಲಾಯಿತು. ಆ ದಿನ ಜೂನ್ 2. 162 ವರ್ಷಗಳ ಹಿಂದೆ ಸೇಲಂನ ವಿಶೇಷ ನ್ಯಾಯಾಲಯ ಮೊದಲು ಸೇರಿದ ದಿನವೂ ಅದೇ.

ನೆರಳಿನ ಸಾಕ್ಷ್ಯ ಹೋಗಿತ್ತು. ಆದರೆ ಆರೋಪಿಯ ಬಾಯಿ ಕಟ್ಟುವ ನ್ಯಾಯಾಲಯ ಹೋಗಿರಲಿಲ್ಲ. 1692ರಲ್ಲಿ ಮುದುಕ ಹೇಳಿದ್ದನ್ನು ಕೇಳಲಿಲ್ಲ, 1854ರಲ್ಲಿ ಯುವಕನಿಗೆ ಹೇಳಲಿಕ್ಕೇ ಬಿಡಲಿಲ್ಲ. ಎರಡೂ ಕಡೆ ಕಾನೂನಿನ ಪುಸ್ತಕ ಇತ್ತು, ಪೀಠ ಇತ್ತು, ಕಡತ ಇತ್ತು. ಎರಡೂ ಕಡೆ ಎಲ್ಲವೂ ಕ್ರಮಬದ್ಧವಾಗಿಯೇ ನಡೆಯಿತು. ಮ್ಯಾಟೆಸನ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಪೀಟರ್‌ಬರೋ ಎಂಬ ಹಳ್ಳಿಯಲ್ಲಿ. ಗುಲಾಮಗಿರಿಯ ವಿರುದ್ಧ ಹೋರಾಡಿದ ಗೆರಿಟ್ ಸ್ಮಿತ್‌ನ ಊರೆಂದು ಹೆಸರಾದ ಹಳ್ಳಿಯದು. ಕಲಾವಿದನ ಮನಸ್ಸಿನಲ್ಲಿ ಏನಿತ್ತೋ ಅದರ ಬಗ್ಗೆ ತೀರ್ಪು ಕೊಡುವ ಕೆಲಸ ನಮ್ಮದಲ್ಲ. ಆದರೆ ಸತ್ತು ನೂರಾ ಅರವತ್ತು ವರ್ಷವಾದ ಮುದುಕನಿಗಾಗಿ ಕಣ್ಣೀರು ಹಾಕುವ ಅದೇ ಸಮಾಜ, ಬೀದಿಯಲ್ಲಿ ಕೋಳ ತೊಟ್ಟು ನಡೆಯುತ್ತಿದ್ದ ಜೀವಂತ ಮನುಷ್ಯನನ್ನು ಕಾನೂನಿನ ಹೆಸರಿನಲ್ಲಿ ಬಿಟ್ಟುಕೊಟ್ಟಿತು ಎಂಬುದು ವಿಪರ್ಯಾಸ. ಹಳೆಯ ಅನ್ಯಾಯವನ್ನು ಖಂಡಿಸಲು ಧೈರ್ಯ ಬೇಕಿಲ್ಲ. ಆ ನ್ಯಾಯಾಧೀಶರು ಈಗ ನಮಗೆ ಏನೂ ಮಾಡಲಾರರು.

ಕ್ಷಮೆಯ ಲೆಕ್ಕ

ವಿವೇಕ ಮರಳಿತು ಎನ್ನುತ್ತಾರಲ್ಲ, ಅದು ಹೇಗೆ ಮರಳಿತು ಎಂದೂ ನೋಡಬೇಕು. 1692ರ ಸೆಪ್ಟೆಂಬರ್ 22ರ ಹೊತ್ತಿಗೆ 14 ಹೆಂಗಸರು, 5 ಗಂಡಸರು ಹೀಗೆ 19 ಮಂದಿ ನೇಣಿಗೇರಿದ್ದರು. ವಾದಕ್ಕೆ ಒಪ್ಪದ ಜೈಲ್ಸ್ ಕೋರಿ ಎಂಬ ವೃದ್ಧನ ಎದೆಯ ಮೇಲೆ ಕಲ್ಲು ಹೇರಿ ಕೊಂದಿದ್ದರು. ಜೈಲಿನಲ್ಲೂ ಹಲವರು ಸತ್ತಿದ್ದರು. ಅಷ್ಟರಲ್ಲಿ ಆರೋಪದ ಬೆರಳು ದೊಡ್ಡವರ ಮನೆಗಳತ್ತಲೂ ತಿರುಗಿತ್ತು. ಗವರ್ನರನ ಹೆಂಡತಿಯ ಹೆಸರೂ ಕೇಳಿಬಂತು. ಅಕ್ಟೋಬರಿನಲ್ಲಿ ಪಾದ್ರಿ ಇನ್‌ಕ್ರೀಸ್ ಮೇದರ್, ಒಬ್ಬ ನಿರಪರಾಧಿ ಶಿಕ್ಷೆಗೆ ಗುರಿಯಾಗುವುದಕ್ಕಿಂತ ಹತ್ತು ಶಂಕಿತರು ತಪ್ಪಿಸಿಕೊಳ್ಳುವುದೇ ಲೇಸು ಎಂಬ ಅಭಿಪ್ರಾಯವನ್ನು ಮಂಡಿಸಿದ. ಒಳ್ಳೆಯ ಮಾತು. ಆದರೆ 20 ಹೆಣಗಳ ನಂತರ ಬಂದ ಮಾತು. ಅಕ್ಟೋಬರ್ ಕೊನೆಯಲ್ಲಿ ಫಿಪ್ಸ್ ಆ ನ್ಯಾಯಾಲಯವನ್ನು ಮುಚ್ಚಿದ. 1693ರ ಆರಂಭದಲ್ಲಿ ಹೊಸ ನ್ಯಾಯಾಲಯ ನೆರಳಿನ ಸಾಕ್ಷ್ಯವನ್ನು ಬದಿಗಿಟ್ಟಿತು. ಆಗ ಏನಾಯಿತು ಗೊತ್ತೇ? ಐವತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ ಕೇವಲ ಮೂವರು ಅಪರಾಧಿಗಳೆಂದು ತೀರ್ಮಾನವಾಯಿತು. ಅವರನ್ನೂ ಗವರ್ನರ್ ಉಳಿಸಿದ.

ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಅದೇ ಜನ, ಅದೇ ಊರು, ಮಾಟದ ಮೇಲೆ ಅದೇ ನಂಬಿಕೆ, ಪೀಠದಲ್ಲಿ ಅದೇ ಸ್ಟೌಟನ್. ಬದಲಾದದ್ದು ಒಂದೇ, ಸಾಕ್ಷ್ಯದ ನಿಯಮ. ಅದೊಂದು ಬದಲಾದೊಡನೆ ಕೊಲೆ ನಿಂತಿತು. ಹಾಗಾದರೆ ಕೊಲ್ಲುತ್ತಿದ್ದದ್ದು ನಂಬಿಕೆಯೋ, ನಿಯಮವೋ? ನಂಬಿಕೆ ಆರೋಪವನ್ನು ಹುಟ್ಟಿಸಬಹುದು. ಆರೋಪವನ್ನು ಹೆಣವಾಗಿ ಮಾಡುವುದು ನಿಯಮ.

1697ರ ಜನವರಿ 14ರಂದು ನ್ಯಾಯಾಧೀಶ ಸ್ಯಾಮ್ಯುವೆಲ್ ಸೂವಲ್ ಬಾಸ್ಟನ್ನಿನ ಚರ್ಚಿನಲ್ಲಿ ಎದ್ದು ನಿಂತು, ತನ್ನ ಕ್ಷಮಾಪಣೆಯನ್ನು ಪಾದ್ರಿ ಓದುವಾಗ ತಲೆಬಾಗಿ ಹೊಣೆ ಹೊತ್ತ. 1706ರಲ್ಲಿ ಆ್ಯನ್ ಪುಟ್ನಂ ಕ್ಷಮೆ ಕೇಳಿದಳು. ಸ್ಟೌಟನ್ ಕೇಳಲಿಲ್ಲ. ಆತ ಮುಂದೆ ಹಲವು ವರ್ಷ ಆ ಪ್ರಾಂತ್ಯವನ್ನೇ ಆಳಿದ. 1711ರಲ್ಲಿ ಹಲವರ ತೀರ್ಪುಗಳನ್ನು ರದ್ದುಪಡಿಸಿ, 578 ಪೌಂಡ್ 12 ಶಿಲ್ಲಿಂಗ್ ಪರಿಹಾರವೆಂದು ಹಂಚಲಾಯಿತು. ಜೇಕಬ್ಸ್‌ನ ಪಾಲಿಗೆ 79 ಪೌಂಡ್. ಎಲ್ಲರ ಹೆಸರೂ ಆ ಪಟ್ಟಿಯಲ್ಲಿರಲಿಲ್ಲ. 1957ರಲ್ಲಿ ಒಂದು ನಿರ್ಣಯ, 2001ರಲ್ಲಿ ಇನ್ನಷ್ಟು ಹೆಸರುಗಳು, ಕೊನೆಗೆ 2022ರಲ್ಲಿ ಎಲಿಜಬೆತ್ ಜಾನ್ಸನ್ ಎಂಬಾಕೆಯ ಹೆಸರಿಗಂಟಿದ್ದ ಕಳಂಕ ಅಳಿಯಿತು. ಅದೂ ಒಂದು ಶಾಲೆಯ ಎಂಟನೆಯ ತರಗತಿಯ ಮಕ್ಕಳು ಹಟ ಹಿಡಿದದ್ದರಿಂದ. ಶಿಕ್ಷೆ ಕೊಡಲು ಕೆಲವು ದಿನ ಸಾಕಾಯಿತು. ತಪ್ಪು ಸರಿಪಡಿಸಲು 329 ವರ್ಷ ಹಿಡಿಯಿತು. ಇತ್ತ ಸೇಲಂ ಪಟ್ಟಣ ತನ್ನನ್ನು ಮಾಟಗಾತಿಯರ ನಗರವೆಂದು ಕರೆದುಕೊಂಡು ಪ್ರವಾಸಿಗರನ್ನು ಸೆಳೆಯುತ್ತಿದೆ. ಅಲ್ಲಿನ ಪೊಲೀಸರ ಲಾಂಛನದಲ್ಲೇ ಪೊರಕೆಯ ಮೇಲೆ ಕೂತ ಮಾಟಗಾತಿಯಿದ್ದಾಳೆ. ಸತ್ತವರಲ್ಲಿ ಒಬ್ಬರೂ ಮಾಟಗಾತಿಯರಾಗಿರಲಿಲ್ಲ ಎಂಬುದೇ ಆ ಊರಿನ ಇತಿಹಾಸವಾಗಿರುವಾಗ ಇದಕ್ಕಿಂತ ಕ್ರೂರ ತಮಾಷೆ ಇನ್ನೇನಿದೆ?

ನಮಗೇನು?

ಇದೆಲ್ಲ ದೂರದ ಅಮೆರಿಕದ್ದು, ನಮಗೇನು ಎಂದು ಓದುಗರು ಕೇಳಬಹುದು. ಹೆಣ್ಣನ್ನು ಮಾಟಗಾತಿಯೆಂದು ಹಣೆಪಟ್ಟಿ ಹಚ್ಚಿ ಕೊಲ್ಲುವುದನ್ನು ತಡೆಯಲು ನಮ್ಮ ದೇಶದಲ್ಲಿ ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ, ಒಡಿಶಾ 2013ರಲ್ಲಿ ಕಾನೂನು ಮಾಡಬೇಕಾಯಿತು. ಅಷ್ಟರ ಮಟ್ಟಿಗೆ ಸೇಲಂ ಹತ್ತಿರವೇ ಇದೆ. ಆದರೆ ನಾನು ಹೇಳಹೊರಟದ್ದು ಅದಕ್ಕಿಂತ ಹತ್ತಿರದ್ದನ್ನು. 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದು. ಆ ಕಾಯ್ದೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ನಿಯಮವನ್ನು ಉಳಿಸಿಕೊಂಡಿದೆ. ಲಾಠಿಯ ಕೆಳಗೆ ಹೊರಡುವ ಮಾತು ಸತ್ಯವಲ್ಲ ಎಂಬ ಅರಿವು ಈ ನಿಯಮದ ತಳಹದಿ. ಆದರೆ 1987ರ ಟಾಡಾ ಮತ್ತು 2002ರ ಪೋಟಾ ಕಾಯ್ದೆಗಳು ಇದಕ್ಕೆ ಬಾಗಿಲು ತೆರೆದವು. ಹಿರಿಯ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ಒಪ್ಪಿಗೆ ಸಾಕ್ಷ್ಯವಾಯಿತು. ಅಕ್ಷರಧಾಮ ದಾಳಿಯ ಪ್ರಕರಣದಲ್ಲಿ ಅಂಥ ಒಪ್ಪಿಗೆಗಳ ಬಲದಿಂದ ಆರು ಮಂದಿಗೆ ಶಿಕ್ಷೆಯಾಯಿತು, ಅವರಲ್ಲಿ ಮೂವರಿಗೆ ಗಲ್ಲು. 2014ರ ಮೇ 16ರಂದು ಸುಪ್ರೀಂ ಕೋರ್ಟು ಆ ಒಪ್ಪಿಗೆಗಳನ್ನು ತಳ್ಳಿಹಾಕಿ ಆರು ಮಂದಿಯನ್ನೂ ಖುಲಾಸೆ ಮಾಡಿತು. ಆ ಪೀಠದಲ್ಲಿದ್ದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಕರ್ನಾಟಕದವರೇ ಆದ ವಿ. ಗೋಪಾಲಗೌಡ. ದಾಳಿಯಲ್ಲಿ ಸತ್ತವರಿಗೆ ನ್ಯಾಯ ಸಿಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಪರಾಧ ಎಷ್ಟು ಭೀಕರವೋ ಸಾಕ್ಷ್ಯ ಅಷ್ಟೇ ಗಟ್ಟಿಯಾಗಿರಬೇಕಲ್ಲವೇ? ಭಯ ದೊಡ್ಡದಾಗುತ್ತಿದ್ದಂತೆ ಸಾಕ್ಷ್ಯದ ಅಳತೆಗೋಲು ಚಿಕ್ಕದಾಗುವುದೇ ಸೇಲಂ. ಟಾಡಾ, ಪೋಟಾ ಎರಡೂ ಇಂದು ಇಲ್ಲ. ಆದರೆ ಆ ವಾದ ಇದೆ. ಅಪರಾಧ ಅಸಾಮಾನ್ಯವಾದದ್ದು, ಆದ್ದರಿಂದ ಸಾಮಾನ್ಯ ನಿಯಮ ಸಾಲದು ಎಂಬ ವಾದ. ಸೈತಾನನ ವಿರುದ್ಧ ಯುದ್ಧ ನಡೆಯುತ್ತಿರುವಾಗ ಸಾಕ್ಷ್ಯ ಸಾಕ್ಷ್ಯ ಎನ್ನುತ್ತೀರಲ್ಲ ಎಂಬುದೇ ಅಂದಿನ ವಾದವೂ ಆಗಿತ್ತು.

ಪೀಠದವರನ್ನು ಮಾತ್ರ ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಚಿತ್ರದಲ್ಲಿ ನ್ಯಾಯಾಧೀಶರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿರುವುದು ಪ್ರೇಕ್ಷಕರು. ಬಂಧನದ ಸುದ್ದಿ ಬಂದೊಡನೆ ತೀರ್ಪು ಕೊಡುವವರು, ಫೋಟೋ ನೋಡಿಯೇ ಮುಖದಲ್ಲಿ ಅಪರಾಧ ಓದುವವರು, ಬೆಂಕಿಯಿಲ್ಲದೆ ಹೊಗೆ ಬರುತ್ತದೆಯೇ ಎಂದು ಗೊಣಗುವವರು ಎಲ್ಲ ಜಾತಿ ಧರ್ಮಗಳಲ್ಲೂ ಇದ್ದಾರೆ. ನಮ್ಮವನು ಸಿಕ್ಕಿಬಿದ್ದಾಗ ಪುರಾವೆ ಕೇಳುವ ನಾವು, ನಮಗಾಗದವನು ಸಿಕ್ಕಿಬಿದ್ದಾಗ ಆರೋಪವನ್ನೇ ಪುರಾವೆಯೆಂದು ಒಪ್ಪಿಕೊಳ್ಳುತ್ತೇವೆ. ಸಾರಾ ಗುಡ್‌ಳನ್ನು ಒಯ್ದಾಗ ಸುಮ್ಮನಿದ್ದ ಊರು ರೆಬೆಕಾ ನರ್ಸ್‌ಳನ್ನು ಒಯ್ಯುವಾಗ ಗಾಬರಿಯಾಯಿತು. ಅಷ್ಟು ಹೊತ್ತಿಗೆ ತಡವಾಗಿತ್ತು. ಸಾಕ್ಷ್ಯದ ನಿಯಮ ಎಲ್ಲರಿಗೂ ಒಂದೇ ಆಗಿರಬೇಕೆಂದು ಹೇಳಬೇಕಾದದ್ದು ಭಿಕ್ಷುಕಿಯ ಸರದಿ ಬಂದಾಗ, ನಮ್ಮ ಸರದಿ ಬಂದಾಗ ಅಲ್ಲ.

ಜೇಕಬ್ಸ್‌ನದೆಂದು ನಂಬಲಾದ ಅಸ್ಥಿಗಳನ್ನು 1992ರಲ್ಲಿ, ನೇಣಿಗೇರಿಸಿ 300 ವರ್ಷ ತುಂಬಿದಾಗ, ರೆಬೆಕಾ ನರ್ಸ್‌ಳ ಮನೆಯಂಗಳದ ಮಸಣದಲ್ಲಿ ಗೌರವದಿಂದ ಮಣ್ಣು ಮಾಡಲಾಯಿತು. ಚಿತ್ರದಲ್ಲಿ ಆತ ಇನ್ನೂ ಮಂಡಿಯೂರಿಯೇ ಇದ್ದಾನೆ. ನೆರಳಿಗೂ ನನಗೂ ಏನು ಸಂಬಂಧ ಎಂದು ಆತ ಕೇಳಿದ್ದ. ಈ ಪ್ರಶ್ನೆಯನ್ನು ಪೀಠದ ಮುಂದೆ ಧೈರ್ಯವಾಗಿ ಕೇಳಬಲ್ಲ ಜನ, ಅದನ್ನು ಕೇಳಿಸಿಕೊಳ್ಳಬಲ್ಲ ಪೀಠ ಇವೆರಡೂ ಇಲ್ಲದ ದೇಶದಲ್ಲಿ ಯಾರ ಕೊರಳೂ ಸುರಕ್ಷಿತವಲ್ಲ.